ಗಡಿ ಎಲ್ಲಿ ಮುಗಿಯುತ್ತದೆ? ಗಚ್ಚಿಬೌಲಿಯಿಂದ ಕಂಡ ಐಪಿ ವಿಳಾಸ ಮತ್ತು ಸಬ್‌ನೆಟ್ ಮಾಸ್ಕ್

ಹೈದರಾಬಾದಿನ ಗಚ್ಚಿಬೌಲಿಯ ಯಾವ ಆಫೀಸಿನ ಲ್ಯಾಪ್‌ಟಾಪ್ ತೆರೆದರೂ, ಯಾವ ಪಿಜಿಯ ಹುಡುಗನ ಮೊಬೈಲಿನಲ್ಲಿ ವೈಫೈ ವಿವರ ನೋಡಿದರೂ ನಾಲ್ಕು ಸಾಲು ಕಾಣುತ್ತವೆ: ಐಪಿ ವಿಳಾಸ, ಸಬ್‌ನೆಟ್ ಮಾಸ್ಕ್, ಗೇಟ್‌ವೇ, ಡಿಎನ್‌ಎಸ್. ಐಪಿ ವಿಳಾಸದ ಹೆಸರು ಈಗ ಅಪರಾಧ ಸುದ್ದಿಗಳಲ್ಲೂ ಬರುವುದರಿಂದ ಎಲ್ಲರಿಗೂ ಪರಿಚಿತ. ಎರಡನೆಯ ಸಾಲಿನ 255.255.255.0 ಮೇಲೆ ಮಾತ್ರ ಯಾರ ಕಣ್ಣೂ ನಿಲ್ಲುವುದಿಲ್ಲ. ಎಲ್ಲ ಕಡೆಯೂ ಹೆಚ್ಚುಕಡಿಮೆ ಹೀಗೇ ಇರುವುದರಿಂದ ಅದೊಂದು ಶಾಸ್ತ್ರಕ್ಕೆ ಬರೆದ ಸಾಲು ಅನ್ನಿಸಿಬಿಡುತ್ತದೆ.

ನನ್ನ ಅಭಿಪ್ರಾಯದಲ್ಲಿ ಆ ನಾಲ್ಕರಲ್ಲಿ ತುಂಬ ತಪ್ಪಾಗಿ ಅರ್ಥವಾಗಿರುವುದು ಆ ಎರಡನೆಯ ಸಾಲೇ. ನೆಟ್‌ವರ್ಕಿಂಗ್ ಕಲಿಯಲು ಕಲಬುರಗಿ, ರಾಯಚೂರು, ಬೀದರಿನಿಂದ ಹೈದರಾಬಾದಿಗೆ ಬರುವ ನಮ್ಮ ಹುಡುಗ ಹುಡುಗಿಯರು ಅದನ್ನು ಒಂದು ಲೆಕ್ಕವಾಗಿ ಕಲಿಯುತ್ತಾರೆ. ಸಂದರ್ಶನದಲ್ಲಿ ಉತ್ತರ ಹೇಳುತ್ತಾರೆ, ಕೆಲಸವನ್ನೂ ಪಡೆಯುತ್ತಾರೆ. ಆದರೆ ಮಾಸ್ಕ್ ಎನ್ನುವುದು ಪ್ರತಿ ಯಂತ್ರವೂ ತನ್ನ ನೆರೆಹೊರೆ ಎಲ್ಲಿಗೆ ಮುಗಿಯುತ್ತದೆ ಎಂಬುದರ ಬಗ್ಗೆ ಇಟ್ಟುಕೊಂಡಿರುವ ನಂಬಿಕೆ. ಆ ನಂಬಿಕೆಗಳು ಒಂದಕ್ಕೊಂದು ಹೊಂದಿದರೆ ಜಾಲ ನಡೆಯುತ್ತದೆ; ಹೊಂದದಿದ್ದರೆ ಅರ್ಧ ನಡೆದು ಅರ್ಧ ನಿಲ್ಲುತ್ತದೆ. ಇಷ್ಟು ಮನಸ್ಸಿಗೆ ಬಂದರೆ ಉಳಿದ ಲೆಕ್ಕ ತಾನಾಗಿ ಹಿಂದೆ ಬರುತ್ತದೆ.

ವಿಳಾಸದಿಂದಲೇ ಶುರು ಮಾಡೋಣ. ಇವತ್ತಿಗೂ ಹೆಚ್ಚು ಬಳಕೆಯಲ್ಲಿರುವ ಐಪಿವಿ4 ವಿಳಾಸ 32 ಬಿಟ್‌ಗಳ ಒಂದು ಸಂಖ್ಯೆ. ಎಂಟೆಂಟು ಬಿಟ್‌ಗಳ ನಾಲ್ಕು ಭಾಗ ಮಾಡಿ, ನಡುವೆ ಚುಕ್ಕಿ ಇಟ್ಟು ಬರೆಯುವುದು ನಮ್ಮ ಓದಿನ ಅನುಕೂಲಕ್ಕೆ. ಯಂತ್ರಕ್ಕೆ ಆ ಚುಕ್ಕಿಗಳು ಗೊತ್ತೇ ಇಲ್ಲ. ಈ 32 ಬಿಟ್‌ಗಳಲ್ಲಿ ಮುಂದಿನ ಒಂದು ಭಾಗ ಜಾಲವನ್ನು ಹೇಳುತ್ತದೆ, ಹಿಂದಿನದು ಆ ಜಾಲದೊಳಗಿನ ಯಂತ್ರವನ್ನು. ಗೆರೆ ಎಲ್ಲಿ ಎಂಬುದನ್ನು ವಿಳಾಸ ತಾನಾಗಿ ಹೇಳಲಾರದು; ಅದನ್ನು ಹೇಳುವುದು ಮಾಸ್ಕ್. ಮಾಸ್ಕಿನಲ್ಲಿ 1 ಇರುವ ಕಡೆಯೆಲ್ಲ ಜಾಲ, 0 ಇರುವ ಕಡೆಯೆಲ್ಲ ಯಂತ್ರ. 255.255.255.0 ಎಂದರೆ ಮೊದಲ 24 ಬಿಟ್ ಜಾಲಕ್ಕೆ, ಉಳಿದ 8 ಯಂತ್ರಕ್ಕೆ. ಅದನ್ನೇ ಚಿಕ್ಕದಾಗಿ /24 ಎಂದು ಬರೆಯುತ್ತಾರೆ.

ಇದಕ್ಕೆ ನಮ್ಮ ದೇಶದ ಹಳೆಯ ಎಸ್‌ಟಿಡಿ ಕೋಡಿಗಿಂತ ಹತ್ತಿರದ ಹೋಲಿಕೆ ನನಗೆ ಸಿಕ್ಕಿಲ್ಲ. ಹೈದರಾಬಾದಿನ ಕೋಡ್ 040, ಮುಂದೆ ಎಂಟು ಅಂಕಿಯ ನಂಬರ್. ಕಲಬುರಗಿಯದು 08472, ಮುಂದೆ ಆರು ಅಂಕಿ. ಮೊದಲಿನ ಸೊನ್ನೆ ಬಿಟ್ಟರೆ ಎರಡು ಕಡೆಯೂ ಒಟ್ಟು ಹತ್ತೇ ಅಂಕಿ. ದೊಡ್ಡ ಊರಿಗೆ ಕೋಡ್ ಚಿಕ್ಕದು, ಒಳಗೆ ಜಾಗ ಹೆಚ್ಚು. ಚಿಕ್ಕ ಊರಿಗೆ ಕೋಡ್ ಉದ್ದ, ಒಳಗೆ ಜಾಗ ಕಡಿಮೆ. ಐಪಿಯಲ್ಲೂ ಒಟ್ಟು 32 ಬಿಟ್ ಬದಲಾಗುವುದಿಲ್ಲ, ಗೆರೆ ಮಾತ್ರ ಅತ್ತಿತ್ತ ಸರಿಯುತ್ತದೆ. ಒಂದು ವ್ಯತ್ಯಾಸ ಇದೆ. ಟೆಲಿಫೋನಿನಲ್ಲಿ ಊರೊಳಗೋ ಹೊರಗೋ ಎಂದು ತೀರ್ಮಾನಿಸಿ ಸೊನ್ನೆ ಒತ್ತುತ್ತಿದ್ದವರು ನಾವು. ಇಲ್ಲಿ ಪ್ರತಿ ಪ್ಯಾಕೆಟ್ ಕಳಿಸುವ ಮುನ್ನ ಆ ತೀರ್ಮಾನವನ್ನು ಯಂತ್ರವೇ ಮಾಡಬೇಕು.

ಅದು ಮಾಡುವ ಕ್ರಮ ಬಹಳ ಸರಳ. ತನ್ನ ವಿಳಾಸ 172.16.20.130, ಮಾಸ್ಕ್ /26, ಅಂದರೆ 255.255.255.192 ಎಂದಿರಲಿ. ಕೊನೆಯ 130 ಅನ್ನು ಬೈನರಿಯಲ್ಲಿ ಬರೆದರೆ 10000010. ಮಾಸ್ಕಿನ 192 ಎಂದರೆ 11000000. ಎರಡರಲ್ಲೂ 1 ಇರುವ ಸ್ಥಾನವನ್ನು ಮಾತ್ರ ಉಳಿಸಿಕೊಂಡರೆ 10000000, ಅಂದರೆ 128. ಹಾಗಾಗಿ ತನ್ನ ಜಾಲ 172.16.20.128. ಈಗ 172.16.20.140ಕ್ಕೆ ಏನೋ ಕಳಿಸಬೇಕು. ಅದೇ ಮಾಸ್ಕ್ ಹಚ್ಚಿದರೆ ಅಲ್ಲೂ 128 ಬರುತ್ತದೆ. ಹಾಗಾದರೆ ನೆರೆಯವನು, ನೇರವಾಗಿ ಕೊಡಬಹುದು. 172.16.20.200ಕ್ಕೆ ಹಚ್ಚಿದರೆ 192 ಬರುತ್ತದೆ. ಹೊರಗಿನವನು; ಜಾಲದ ಹೊರಬಾಗಿಲಾದ ಗೇಟ್‌ವೇ ಕೈಗೆ ಕೊಡಬೇಕು. ಮೊದಲ ಮೂರು ಸಂಖ್ಯೆ ಒಂದೇ ಆಗಿದ್ದರೆ ಒಂದೇ ನೆಟ್‌ವರ್ಕ್ ಎಂದು ಎಷ್ಟೋ ಜನ ನಂಬಿದ್ದಾರೆ. ಎಲ್ಲೆಲ್ಲೂ /24 ನೋಡಿ ನೋಡಿ ಬೆಳೆದ ನಂಬಿಕೆ ಅದು, ನಿಯಮವಲ್ಲ. ಈ /26ರಲ್ಲಿ ಒಟ್ಟು 64 ವಿಳಾಸ. ಮೊದಲನೆಯದಾದ 128 ಜಾಲದ ಹೆಸರಿಗೆ, ಕೊನೆಯದಾದ 191 ಎಲ್ಲರಿಗೂ ಒಮ್ಮೆಗೇ ಕೂಗಿ ಹೇಳುವ ಬ್ರಾಡ್‌ಕಾಸ್ಟಿಗೆ. ಯಂತ್ರಗಳಿಗೆ ಉಳಿಯುವುದು 62.

ಇನ್ನೊಂದು ಸಂಗತಿಯನ್ನು ಇಲ್ಲೇ ಒತ್ತಿ ಹೇಳಬೇಕು. ಪ್ಯಾಕೆಟ್ಟಿನ ತಲೆಯಲ್ಲಿ ಕಳಿಸಿದವರ ವಿಳಾಸ, ತಲುಪಬೇಕಾದವರ ವಿಳಾಸ ಇರುತ್ತವೆ, ಮಾಸ್ಕ್ ಇರುವುದಿಲ್ಲ. ಅದು ಪ್ಯಾಕೆಟ್ಟಿನ ಜೊತೆ ಪ್ರಯಾಣ ಮಾಡುವುದೇ ಇಲ್ಲ. ಆದ್ದರಿಂದ ಒಂದೇ ಸ್ವಿಚ್ಚಿಗೆ ತಂತಿ ಚುಚ್ಚಿರುವ ಎರಡು ಯಂತ್ರಗಳಲ್ಲಿ ಒಂದು ಇನ್ನೊಂದನ್ನು ನೆರೆಯವನೆಂದೂ, ಆ ಇನ್ನೊಂದು ಇದನ್ನು ಪರ ಊರಿನವನೆಂದೂ ತಿಳಿದುಕೊಂಡಿರುವುದು ಸಾಧ್ಯ. ನೆಟ್‌ವರ್ಕ್ ದುರಸ್ತಿ ಮಾಡುವವರಿಗೆ ತಲೆನೋವು ತರುವ ದೋಷಗಳಲ್ಲಿ ಒಂದು ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆ.

ಈ ಗೆರೆ ಸರಿಯಬಲ್ಲದು ಎಂಬ ಅರಿವು ಮೊದಲ ದಿನದಿಂದ ಇರಲಿಲ್ಲ. ಜಾನ್ ಪೋಸ್ಟೆಲ್ ಸಂಪಾದಿಸಿದ ಐಪಿ ನಿಯಮಾವಳಿ, ಇಂಟರ್‌ನೆಟ್ ನಿಯಮಗಳನ್ನು ಪ್ರಕಟಿಸುವ ಆರ್‌ಎಫ್‌ಸಿ ಸರಣಿಯ 791ನೆಯದು, ಹೊರಬಂದದ್ದು 1981ರ ಸೆಪ್ಟೆಂಬರಿನಲ್ಲಿ. ಇಂಟರ್‌ನೆಟ್ಟಿಗೆ ಮೂಲವಾದ ಅಮೆರಿಕದ ಆರ್ಪಾನೆಟ್ 1983ರ ಜನವರಿ 1ರಂದು ಪೂರ್ತಿಯಾಗಿ ಅದಕ್ಕೆ ಬದಲಾಯಿತು. ಆಗ ಗೆರೆಗೆ ಮೂರೇ ಜಾಗ. ವರ್ಗ ಎ ಸಿಕ್ಕವರಿಗೆ 1.67 ಕೋಟಿಗೂ ಹೆಚ್ಚು ವಿಳಾಸ, ವರ್ಗ ಬಿ ಸಿಕ್ಕವರಿಗೆ 65,536, ವರ್ಗ ಸಿ ಸಿಕ್ಕವರಿಗೆ 256. ವಿಳಾಸದ ಮೊದಲ ಬಿಟ್‌ಗಳನ್ನು ನೋಡಿದರೇ ವರ್ಗ ಗೊತ್ತಾಗುತ್ತಿದ್ದುದರಿಂದ ಮಾಸ್ಕಿನ ಅಗತ್ಯವೇ ಬಂದಿರಲಿಲ್ಲ. ಮುನ್ನೂರು ಕಂಪ್ಯೂಟರ್ ಇರುವ ಸಂಸ್ಥೆಗೆ ವರ್ಗ ಸಿ ಸಾಲದು. ವರ್ಗ ಬಿ ಕೊಟ್ಟರೆ ಅರವತ್ತೈದು ಸಾವಿರ ವಿಳಾಸ ಖಾಲಿ ಬೀಳುತ್ತದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಒಂದರ ಕೈಯಲ್ಲೇ 36ರಿಂದ ಶುರುವಾಗುವ ವರ್ಗ ಎ ಪೂರ್ತಿ ಇತ್ತು. ಅವರು ಅದನ್ನು 2000ದಲ್ಲಿ ಹಿಂತಿರುಗಿಸಿದರು. ಎಂಐಟಿ ತನ್ನ ವರ್ಗ ಎಯಲ್ಲಿ ಸುಮಾರು ಅರ್ಧದಷ್ಟನ್ನು 2017ರಲ್ಲಿ ಮಾರಾಟಕ್ಕೆ ತೆಗೆಯಿತು. ಹಿಂತಿರುಗಿಸಿದ ನಡೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ನಮ್ಮಲ್ಲಿ 1986ರಲ್ಲಿ ಶುರುವಾದ ಎರ್ನೆಟ್ ಯೋಜನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಐದು ಐಐಟಿಗಳು, ಮುಂಬಯಿಯ ಎನ್‌ಸಿಎಸ್‌ಟಿ ಮತ್ತು ದೆಹಲಿಯ ಎಲೆಕ್ಟ್ರಾನಿಕ್ಸ್ ಇಲಾಖೆಯನ್ನು ಒಂದು ಜಾಲಕ್ಕೆ ತಂದಿತು. 144.16ರಿಂದ ಶುರುವಾಗುವ ಒಂದೇ ಒಂದು ವರ್ಗ ಬಿ ಗುಂಪನ್ನು ತುಂಡು ಮಾಡಿ ಬೆಂಗಳೂರು, ಮುಂಬಯಿ, ಮದ್ರಾಸುಗಳ ದೊಡ್ಡ ದೊಡ್ಡ ಸಂಸ್ಥೆಗಳು ಹಂಚಿಕೊಂಡವು. ಅಮೆರಿಕದ ಒಂದು ವಿಶ್ವವಿದ್ಯಾಲಯಕ್ಕೆ ಒಂದೂವರೆ ಕೋಟಿಗೂ ಮೇಲೆ, ಈ ಗುಂಪು ಹಂಚಿಕೊಂಡ ಭಾರತದ ಸಂಸ್ಥೆಗಳಿಗೆಲ್ಲ ಸೇರಿ ಅರವತ್ತೈದು ಸಾವಿರ. ಆ ಹಂಚಿಕೆ ಸಾಧ್ಯವಾದದ್ದು ಜೆಫ್ರಿ ಮೊಗಲ್ ಮತ್ತು ಪೋಸ್ಟೆಲ್ 1985ರ ಆಗಸ್ಟಿನಲ್ಲಿ ಬರೆದ ಆರ್‌ಎಫ್‌ಸಿ 950ರಿಂದ. ಸಬ್‌ನೆಟ್ ಮಾಸ್ಕ್ ನಿಯಮವಾಗಿ ನೆಲೆಗೊಂಡದ್ದು ಅಲ್ಲಿಂದ. 1993ರ ಸೆಪ್ಟೆಂಬರಿನಲ್ಲಿ ಸಿಐಡಿಆರ್ ಪದ್ಧತಿ ಬಂದು ಎ, ಬಿ, ಸಿ ವರ್ಗಗಳನ್ನೇ ತೆಗೆದುಹಾಕಿತು. ಗೆರೆ ಇನ್ನು ಎಲ್ಲಿ ಬೇಕಾದರೂ ಬರಬಹುದು. /24 ಎಂಬ ಬರವಣಿಗೆ ಆ ಕಾಲದ ಕೊಡುಗೆ. ವಿಎಸ್‌ಎನ್‌ಎಲ್ ಜನಸಾಮಾನ್ಯರಿಗೆ ಇಂಟರ್‌ನೆಟ್ ತೆರೆದ 1995ರ ಆಗಸ್ಟ್ 15ರ ಹೊತ್ತಿಗೆ ವರ್ಗಗಳ ಕಾಲ ಮುಗಿದಿತ್ತು. ಹಾಗಿದ್ದೂ ಮೂರು ದಶಕದ ಮೇಲೆ ನಮ್ಮ ಮಕ್ಕಳು ವರ್ಗಗಳ ಕೋಷ್ಟಕವನ್ನು ಬಾಯಿಪಾಠ ಮಾಡುತ್ತಿದ್ದಾರೆ.

ಈಗ ಗಚ್ಚಿಬೌಲಿಗೆ ಬರೋಣ. 1974ರಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯ, 1998ರಲ್ಲಿ ಐಐಐಟಿ, ಆಮೇಲೆ ಮೈಕ್ರೋಸಾಫ್ಟ್, ಇನ್ಫೊಸಿಸ್, ವಿಪ್ರೊ ಆವರಣಗಳು, ಪಕ್ಕದ ನಾನಕ್‌ರಾಮ್‌ಗುಡದ ಫೈನಾನ್ಶಿಯಲ್ ಡಿಸ್ಟ್ರಿಕ್ಟ್. ಇವುಗಳ ಸುತ್ತ ಸಂದಿಗೊಂದಿಗಳಲ್ಲಿ ಎದ್ದು ನಿಂತಿರುವ ಪಿಜಿ ಕಟ್ಟಡಗಳೇ ಮಾಸ್ಕಿನ ಪಾಠಕ್ಕೆ ಒಳ್ಳೆಯ ಪ್ರಯೋಗಶಾಲೆ. ಐದು ಮಹಡಿ, ನೂರು ಜನ ಇರುವ ಒಂದು ಪಿಜಿ ಎಂದುಕೊಳ್ಳಿ. ಒಬ್ಬೊಬ್ಬರಿಗೂ ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್, ಕೆಲವರಿಗೆ ಆಫೀಸಿನ ಇನ್ನೊಂದು ಮೊಬೈಲ್, ಟ್ಯಾಬ್, ಕೈಗಡಿಯಾರ. ಮಾಲೀಕರ ಸಿಸಿಟಿವಿಗಳು, ಹಾಲಿನ ಟಿವಿಗಳು ಬೇರೆ. ರೂಟರ್ ಕಂಪನಿ ಇಟ್ಟು ಕಳಿಸಿದ ಹಾಗೇ 255.255.255.0 ಇದೆ. ಸಿಗುವುದು 254 ವಿಳಾಸ. ಸಂಜೆ ಏಳಕ್ಕೆ ಶಿಫ್ಟ್ ಮುಗಿಸಿ ಎಲ್ಲರೂ ಬಂದಾಗ 255ನೆಯ ಸಾಧನಕ್ಕೆ ಜಾಗವಿಲ್ಲ.

ಆಗ ಮೊಬೈಲಿನಲ್ಲಿ ‘ಐಪಿ ವಿಳಾಸ ಪಡೆಯಲಾಗುತ್ತಿದೆ’ ಎಂಬ ಸಂದೇಶ ಬಂದು ಅಲ್ಲೇ ನಿಲ್ಲುತ್ತದೆ. ವಿಂಡೋಸ್ ಲ್ಯಾಪ್‌ಟಾಪ್ ಕಾದು ಕಾದು, ಕೊನೆಗೆ 169.254ರಿಂದ ಶುರುವಾಗುವ ಒಂದು ವಿಳಾಸವನ್ನು ತಾನೇ ಇಟ್ಟುಕೊಳ್ಳುತ್ತದೆ. ಈ ಸಂಖ್ಯೆ ಕಂಡರೆ, ರೂಟರಿನಲ್ಲಿ ತಾನಾಗಿ ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಸಿಗಲಿಲ್ಲ ಎಂದೇ ಅರ್ಥ. ಮಾಲೀಕರು ಲೈನ್ ಸ್ಲೋ ಇದೆ ಎಂದುಕೊಂಡು ಇನ್ನೂ ಹೆಚ್ಚು ವೇಗದ ಪ್ಲಾನ್ ಹಾಕಿಸುತ್ತಾರೆ. ರೂಟರ್ ಆರಿಸಿ ಹೊತ್ತಿಸಿದರೆ ಸ್ವಲ್ಪ ಹೊತ್ತು ಸರಿಹೋಗುವುದರಿಂದ ದೋಷ ರೂಟರಿನದ್ದೇ ಎನ್ನಿಸುತ್ತದೆ. ಮೊದಲು ನೋಡಬೇಕಾದ್ದು ಲೀಸ್ ಅವಧಿ. ವಿಳಾಸ ಒಮ್ಮೆ ಕೊಟ್ಟರೆ 24 ಗಂಟೆ ಅವರದ್ದೇ ಎಂದಿದ್ದರೆ, ಬೆಳಿಗ್ಗೆ ಊರಿಗೆ ಹೋದವರ ಮೊಬೈಲಿನ ಹೆಸರಿನಲ್ಲೂ ಒಂದು ವಿಳಾಸ ಸುಮ್ಮನೆ ಕೂತಿರುತ್ತದೆ. ಅದನ್ನು ಎರಡು ಮೂರು ಗಂಟೆಗೆ ಇಳಿಸಿದರೆ ಎಷ್ಟೋ ಕಡೆ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ ಗೆರೆ ಸರಿಸಬೇಕು. ಮಾಸ್ಕನ್ನು 255.255.254.0 ಮಾಡಿದರೆ, ಅಂದರೆ /23, ಒಂದು ಬಿಟ್ ಜಾಲದಿಂದ ಯಂತ್ರದ ಕಡೆಗೆ ಹೋಗಿ 510 ವಿಳಾಸ ಸಿಗುತ್ತವೆ. ರೂಟರ್ 192.168.0.1 ಇದ್ದರೆ ಜಾಲ 192.168.0.0ದಿಂದ 192.168.1.255ರವರೆಗೆ ಹರಡುತ್ತದೆ. ಡಿಎಚ್‌ಸಿಪಿಯಿಂದ ವಿಳಾಸ ಪಡೆದವರೆಲ್ಲ ಹೊಸ ಮಾಸ್ಕನ್ನೂ ಜೊತೆಗೇ ಪಡೆಯುತ್ತಾರೆ. ಕೈಯಿಂದ ವಿಳಾಸ ಬರೆದಿಟ್ಟ ಸಾಧನಗಳು ಮಾತ್ರ ಹಳೆಯ ನಂಬಿಕೆಯಲ್ಲೇ ಉಳಿಯುತ್ತವೆ.

ಕೆಳಮಹಡಿಯ ಪ್ರಿಂಟರ್ 192.168.0.20, ಹಳೆಯ ಮಾಸ್ಕ್ 255.255.255.0 ಎಂದಿರಲಿ. 192.168.1.40 ಇರುವ ಮೊಬೈಲ್ ಅದನ್ನು ನೆರೆಯವನೆಂದು ತಿಳಿದು ನೇರವಾಗಿ ಕೆಲಸ ಕಳಿಸುತ್ತದೆ, ಅದು ತಲುಪುತ್ತದೆ. ಪ್ರಿಂಟರ್ ಉತ್ತರ ಕೊಡಲು ಹೊರಟಾಗ ತನ್ನ ಮಾಸ್ಕ್ ಹಚ್ಚಿ ನೋಡುತ್ತದೆ: 192.168.1.40 ಹೊರಗಿನವನು. ಉತ್ತರವನ್ನು ಗೇಟ್‌ವೇಗೆ ಕೊಡುತ್ತದೆ. ಗೇಟ್‌ವೇ ಅದನ್ನು ಅದೇ ಜಾಲಕ್ಕೆ ತಿರುಗಿಸಿ ಕಳಿಸಿದರೆ ಪ್ರಿಂಟ್ ಬರುತ್ತದೆ. ಫೈರ್‌ವಾಲ್ ಕಟ್ಟುನಿಟ್ಟಾಗಿದ್ದರೆ, ಅಥವಾ ಪ್ರಿಂಟರಿನಲ್ಲಿ ಗೇಟ್‌ವೇ ಬರೆದೇ ಇಲ್ಲದಿದ್ದರೆ ಬರುವುದಿಲ್ಲ. ಒಂದನೆಯ ಮಹಡಿಯವರಿಗೆ ಬರುತ್ತದೆ, ನಾಲ್ಕನೆಯವರಿಗಿಲ್ಲ. ನಿನ್ನೆ ಬಂತು, ಇವತ್ತಿಲ್ಲ. ಹೊಸ /23ರ ಪ್ರಕಾರ 192.168.0.255 ಒಂದು ಮಾಮೂಲಿ ವಿಳಾಸ, ಯಾರ ಮೊಬೈಲಿಗಾದರೂ ಸಿಗಬಹುದು. ಹಳೆಯ ಮಾಸ್ಕ್ ಇರುವ ಪ್ರಿಂಟರಿಗೋ ಅದು ಬ್ರಾಡ್‌ಕಾಸ್ಟ್. ಇಂಥ ದೋಷವನ್ನು ಕೋಷ್ಟಕ ಬಾಯಿಪಾಠ ಮಾಡಿದವರು ಹುಡುಕಲಾರರು. ಎರಡು ಯಂತ್ರಗಳ ನಂಬಿಕೆಯನ್ನೂ ಬೇರೆ ಬೇರೆಯಾಗಿ ಲೆಕ್ಕ ಹಾಕಬಲ್ಲವರು ಹತ್ತು ನಿಮಿಷದಲ್ಲಿ ಹುಡುಕುತ್ತಾರೆ.

ಮಹಡಿಗೊಂದು ಸಬ್‌ನೆಟ್, ಅಂದರೆ ಒಳಜಾಲ, ಮಾಡುವುದು ಇದಕ್ಕಿಂತ ಒಳ್ಳೆಯದು. ಆದರೆ ಒಂದು ಎಚ್ಚರಿಕೆ: ಮಾಸ್ಕ್ ಬೇರೆ ಮಾಡಿದ ಮಾತ್ರಕ್ಕೆ ಗೋಡೆ ಕಟ್ಟಿದಂತಾಗುವುದಿಲ್ಲ. ಸ್ವಿಚ್ಚನ್ನೇ ಒಳಗೆ ಬೇರೆ ಬೇರೆ ಭಾಗ ಮಾಡುವ ವಿಲ್ಯಾನ್ ಹಾಕದೆ ಬರೀ ಸಬ್‌ನೆಟ್ ಬೇರೆ ಇಟ್ಟರೆ, ತನ್ನ ಲ್ಯಾಪ್‌ಟಾಪಿನ ಮಾಸ್ಕ್ ಬದಲಿಸಿಕೊಂಡ ಯಾರಾದರೂ ಪಕ್ಕದ ಮಹಡಿಯ ಯಂತ್ರಗಳನ್ನು ಮುಟ್ಟಬಹುದು. ಹೆಣ್ಣುಮಕ್ಕಳ ಪಿಜಿಗಳಲ್ಲಿ ಸಿಸಿಟಿವಿಯನ್ನೂ ನಿವಾಸಿಗಳ ವೈಫೈಯನ್ನೂ ಒಂದೇ ಜಾಲದಲ್ಲಿ ಬಿಡುವುದು ನಿಜಕ್ಕೂ ಅಪಾಯ; ಮಾಲೀಕರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೇಲೆ ಬಂದ 192.168, 172.16 ಇವೆಲ್ಲ ಖಾಸಗಿ ವಿಳಾಸಗಳು. 1996ರ ಫೆಬ್ರುವರಿಯ ಆರ್‌ಎಫ್‌ಸಿ 1918 ಮೂರು ಗುಂಪುಗಳನ್ನು ಯಾರು ಬೇಕಾದರೂ ಒಳಗೆ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟಿತು: 10.0.0.0/8, 172.16.0.0/12, 192.168.0.0/16. ಎಲ್ಲರೂ ಬಳಸಬಹುದು ಎಂದರೆ ಎಲ್ಲರೂ ಒಂದನ್ನೇ ಬಳಸಬಹುದು ಎಂದೂ ಆಯಿತು. 2020ರ ಲಾಕ್‌ಡೌನಿನಲ್ಲಿ ಗಚ್ಚಿಬೌಲಿಯ ಆಫೀಸುಗಳು ಖಾಲಿಯಾಗಿ ಎಲ್ಲರೂ ಊರಿನ ಮನೆಯಿಂದ ಆಫೀಸಿನ ಜಾಲ ಸೇರಲು ವಿಪಿಎನ್ ಹಿಡಿದಾಗ ಈ ತೊಡಕು ಮನೆಮನೆಗೆ ಬಂತು. ಮನೆಯ ರೂಟರ್ 192.168.1.0/24, ಆಫೀಸಿನ ಒಂದು ವಿಭಾಗದ ಜಾಲವೂ ಅದೇ ಆಗಿದ್ದರೆ, ಲ್ಯಾಪ್‌ಟಾಪ್ ಆಫೀಸಿನ ಸರ್ವರನ್ನು ಮನೆಯೊಳಗೇ ಹುಡುಕುತ್ತದೆ. ವಿಪಿಎನ್ ಹತ್ತಿದೆ, ಇಮೇಲ್ ಬರುತ್ತಿದೆ, ಒಂದು ಸರ್ವರ್ ಮಾತ್ರ ಸಿಗುತ್ತಿಲ್ಲ ಎಂಬ ದೂರಿನ ಹಿಂದೆ ಇದು ಇರುತ್ತದೆ. ಪ್ರೋಗ್ರಾಮುಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿಟ್ಟು ಓಡಿಸುವ ಡಾಕರ್ ಬಳಸುವವರಿಗೂ ಇದೇ ಕಥೆ. ಅದು ತಾನಾಗಿ 172.17.0.0/16 ಹಿಡಿದುಕೊಳ್ಳುತ್ತದೆ; ಆಫೀಸಿನಲ್ಲೂ ಅದೇ ಗುಂಪು ಇದ್ದರೆ ಘರ್ಷಣೆ ಖಚಿತ.

ಕ್ಲೌಡಿಗೆ ಬಂದರೆ ಇದೆಲ್ಲ ಮಾಯವಾಗುತ್ತದೆ ಎಂದು ಭಾವಿಸಿದವರಿದ್ದಾರೆ. ಅಮೆಜಾನಿನ ಎಡಬ್ಲ್ಯುಎಸ್ ತನ್ನ ಹೈದರಾಬಾದ್ ರೀಜನ್ ತೆರೆದದ್ದು 2022ರ ನವೆಂಬರಿನಲ್ಲಿ. ಅಲ್ಲಿ ಜಾಲ ಕಟ್ಟಲು ಕೂತರೆ ಕೇಳುವ ಮೊದಲ ಪ್ರಶ್ನೆಗಳಲ್ಲೇ ಸಬ್‌ನೆಟ್ ಎಷ್ಟು ದೊಡ್ಡದು ಎಂಬುದೂ ಇದೆ: /16ರಿಂದ /28ರವರೆಗೆ. ಪುಸ್ತಕದ ಪ್ರಕಾರ /28ರಲ್ಲಿ 14 ಯಂತ್ರ. ಎಡಬ್ಲ್ಯುಎಸ್ ಪ್ರತಿ ಸಬ್‌ನೆಟ್ಟಿನಲ್ಲೂ ಐದು ವಿಳಾಸ ತಾನೇ ಇಟ್ಟುಕೊಳ್ಳುವುದರಿಂದ ಉಳಿಯುವುದು 11. ಒಮ್ಮೆ ಮಾಡಿದ ಸಬ್‌ನೆಟ್ಟಿನ ಅಳತೆಯನ್ನು ಆಮೇಲೆ ಬದಲಿಸುವಂತಿಲ್ಲ. ಪ್ರೋಗ್ರಾಮುಗಳನ್ನು ಪಾಡ್ ಎಂಬ ಚಿಕ್ಕ ಘಟಕಗಳಲ್ಲಿ ಓಡಿಸುವ ಕುಬರ್‌ನೆಟಿಸ್ ಬಂದ ಮೇಲೆ ಪ್ರತಿ ಪಾಡ್ ಒಂದೊಂದು ವಿಳಾಸ ಕೇಳುವಾಗ ಉದಾರವಾಗಿ ಕಂಡ /24 ಕೂಡ ಬೇಗ ತುಂಬುತ್ತದೆ. ಮೊದಲ ದಿನ ಅರ್ಧ ಗಂಟೆ ಕೂತು ವಿಳಾಸಗಳ ಯೋಜನೆ ಬರೆಯದ ತಂಡ ಮುಂದೆ ವಾರಗಟ್ಟಲೆ ಬೆಲೆ ತೆರುತ್ತದೆ.

ಗೆರೆಯ ಜಾಗ ಎಷ್ಟು ಪ್ರಬಲ ಎಂಬುದು 2008ರ ಫೆಬ್ರುವರಿ 24ರಂದು ಇಡೀ ಲೋಕಕ್ಕೆ ಗೊತ್ತಾಯಿತು. ರೂಟರುಗಳ ನಿಯಮ ಹೀಗಿದೆ: ಒಂದು ವಿಳಾಸಕ್ಕೆ ಎರಡು ದಾರಿ ಕಂಡರೆ, ಯಾವುದರ ಜಾಲದ ಭಾಗ ಉದ್ದವೋ ಅದನ್ನೇ ಹಿಡಿ. ಯೂಟ್ಯೂಬ್ ತನ್ನ ವಿಳಾಸಗಳನ್ನು 208.65.152.0/22 ಎಂದು ಸಾರಿತ್ತು. ದೇಶದೊಳಗೆ ಯೂಟ್ಯೂಬ್ ನಿಲ್ಲಿಸಬೇಕೆಂದು ಪಾಕಿಸ್ತಾನ್ ಟೆಲಿಕಾಂ ಅದರೊಳಗಿನ 208.65.153.0/24 ತನ್ನದೆಂದು ಸಾರಿತು. ಆ ಘೋಷಣೆ ಗಡಿ ದಾಟಿ ಹೊರಗೆ ಸೋರಿತು. 22ಕ್ಕಿಂತ 24 ಉದ್ದ. ಜಗತ್ತಿನ ರೂಟರುಗಳು ಯೂಟ್ಯೂಬಿಗೆ ಹೋಗಬೇಕಾದ ಪ್ಯಾಕೆಟ್‌ಗಳನ್ನು ಸುಮಾರು ಎರಡು ಗಂಟೆ ಪಾಕಿಸ್ತಾನದ ಕಡೆಗೆ ಕಳಿಸಿದವು. ಯೂಟ್ಯೂಬ್ ಹೂಡಿದ ಪ್ರತಿತಂತ್ರವೂ ಅದೇ: ತಾನೂ /24 ಸಾರಿತು, ಆಮೇಲೆ ಇನ್ನೂ ಉದ್ದದ ಎರಡು /25. ಮನೆಯ ಲ್ಯಾಪ್‌ಟಾಪ್ ವಿಪಿಎನ್ನಿನ 10.0.0.0/8 ಬಿಟ್ಟು ಮನೆಯ 10.0.0.0/24 ಹಿಡಿಯುವುದೂ ಇದೇ ನಿಯಮದಿಂದ.

ಒಟ್ಟು ಎಷ್ಟು ವಿಳಾಸಗಳಿವೆ ಎಂಬ ಲೆಕ್ಕ ಚಿಕ್ಕದು: 429 ಕೋಟಿ 49 ಲಕ್ಷ ಚಿಲ್ಲರೆ. ಲೋಕದ ಜನಸಂಖ್ಯೆಗಿಂತ ಕಡಿಮೆ. ಕೇಂದ್ರ ಭಂಡಾರವಾದ ಐಯಾನ 2011ರ ಫೆಬ್ರುವರಿ 3ರಂದು ಕೊನೆಯ ಗುಂಪುಗಳನ್ನು ಹಂಚಿ ಬರಿದಾಯಿತು. ನಮ್ಮ ಪ್ರದೇಶಕ್ಕೆ ವಿಳಾಸ ಹಂಚುವ ಎಪ್‌ನಿಕ್ ಅದೇ ವರ್ಷದ ಏಪ್ರಿಲ್ 15ರಂದು ತನ್ನ ಕೊನೆಯ /8 ತಲುಪಿತು. ಭಾರತದಲ್ಲಿ ಮೊಬೈಲ್ ಇಂಟರ್‌ನೆಟ್ ಹರಡುವ ಹೊತ್ತಿಗೆ ಹಂಚಲು ಹೆಚ್ಚು ವಿಳಾಸ ಉಳಿದಿರಲಿಲ್ಲ. ಈಗ ಹೊಸ ಐಪಿವಿ4 ದೊಡ್ಡ ಪ್ರಮಾಣದಲ್ಲಿ ಬೇಕೆಂದರೆ ಕೊಳ್ಳಬೇಕು, ಇಲ್ಲವೇ ಬಾಡಿಗೆಗೆ ಪಡೆಯಬೇಕು. ಎಡಬ್ಲ್ಯುಎಸ್ 2024ರ ಫೆಬ್ರುವರಿ 1ರಿಂದ ಪ್ರತಿ ಸಾರ್ವಜನಿಕ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಹಾಕುತ್ತಿದೆ. ವರ್ಷಕ್ಕೆ ಒಂದು ವಿಳಾಸಕ್ಕೆ ಸುಮಾರು 44 ಡಾಲರ್.

ಕೊರತೆ ನೀಗಲು 1994ರಲ್ಲೇ ಬಂದದ್ದು ನ್ಯಾಟ್. ಮನೆಯ ಹತ್ತು ಸಾಧನಗಳ ಖಾಸಗಿ ವಿಳಾಸಗಳನ್ನು ರೂಟರ್ ತನ್ನ ಒಂದೇ ಸಾರ್ವಜನಿಕ ವಿಳಾಸಕ್ಕೆ ಬದಲಿಸಿ ಕಳಿಸುತ್ತದೆ. ಯಾವ ಉತ್ತರ ಯಾರಿಗೆ ಎಂಬುದನ್ನು ಪ್ರತಿ ಸಂಪರ್ಕಕ್ಕೂ ಇಡುವ ಪೋರ್ಟ್ ನಂಬರಿನಿಂದ ನೆನಪಿಟ್ಟುಕೊಳ್ಳುತ್ತದೆ. ಅದೂ ಸಾಲದೆ ಇಂಟರ್‌ನೆಟ್ ಕಂಪನಿಗಳು ತಮ್ಮ ಮಟ್ಟದಲ್ಲಿ ಇನ್ನೊಮ್ಮೆ ನ್ಯಾಟ್ ಮಾಡತೊಡಗಿದವು. ಇದೇ ಸಿಜಿನ್ಯಾಟ್. 2012ರ ಏಪ್ರಿಲಿನಲ್ಲಿ ಇದಕ್ಕೆಂದೇ 100.64.0.0/10 ಗುಂಪನ್ನು ಎತ್ತಿಟ್ಟರು. ನಿಮ್ಮ ಮನೆಯ ರೂಟರಿನ ಹೊರಮುಖದ ವಿಳಾಸ 100.64ರಿಂದ 100.127ರೊಳಗೆ ಇದ್ದರೆ, ನಿಮಗೆಂದೇ ಒಂದು ಸಾರ್ವಜನಿಕ ವಿಳಾಸ ಇಲ್ಲ, ಅನೇಕರ ಜೊತೆ ಹಂಚಿಕೊಂಡಿದ್ದೀರಿ ಎಂದರ್ಥ. ಊರಿನ ಮನೆಯ ಸಿಸಿಟಿವಿಯನ್ನು ಹೈದರಾಬಾದಿನಿಂದ ನೇರವಾಗಿ ನೋಡಲು ಆಗದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಇಲ್ಲಿಂದ ವಿಷಯ ತಂತ್ರಜ್ಞಾನ ಮೀರಿ ನ್ಯಾಯಕ್ಕೆ ಹೋಗುತ್ತದೆ. ಸೈಬರಾಬಾದ್ ಪೊಲೀಸ್ ಕಮಿಷನರೇಟ್ ಇರುವುದು ಗಚ್ಚಿಬೌಲಿಯಲ್ಲೇ. ಆನ್‌ಲೈನ್ ವಂಚನೆ, ನಿಂದನೆಯ ದೂರುಗಳಲ್ಲಿ ತನಿಖೆಗೆ ಸಿಗುವ ಮೊದಲ ಎಳೆಗಳಲ್ಲಿ ಐಪಿ ವಿಳಾಸವೂ ಒಂದು. ಅದನ್ನೇ ಮನುಷ್ಯನ ಗುರುತು ಎಂದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಒಂದು ಪ್ರಕರಣ ಸಾಕ್ಷಿ. 2007ರ ಆಗಸ್ಟಿನಲ್ಲಿ, ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿಯ ಅವಹೇಳನಕಾರಿ ಚಿತ್ರ ಹಾಕಿದ ಆರೋಪದ ಮೇಲೆ ಪುಣೆ ಪೊಲೀಸರು ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಬಂಧಿಸಿದರು. ಆಧಾರ ಒಂದು ಐಪಿ ವಿಳಾಸ. ಅದು ಯಾರದ್ದೆಂದು ಇಂಟರ್‌ನೆಟ್ ಕಂಪನಿ ಕೊಟ್ಟ ವಿವರವೇ ತಪ್ಪಾಗಿತ್ತು. ಏನೂ ಮಾಡದ ಆ ಮನುಷ್ಯ ಸುಮಾರು ಐವತ್ತು ದಿನ ಜೈಲಿನಲ್ಲಿದ್ದರು. ಸಿಜಿನ್ಯಾಟ್ ಇಷ್ಟು ಹಬ್ಬುವುದಕ್ಕೂ ಮುಂಚಿನ ಮಾತು ಇದು. ಈಗ ಒಂದು ವಿಳಾಸದ ಹಿಂದೆ ಒಂದೇ ಕ್ಷಣದಲ್ಲಿ ಅನೇಕ ಮನೆಗಳಿರುವಾಗ ಬರೀ ವಿಳಾಸ ಹಿಡಿದು ಒಬ್ಬರ ಬಾಗಿಲಿಗೆ ಹೋಗುವುದು ತಪ್ಪು. ವಿಳಾಸದ ಜೊತೆ ಪೋರ್ಟ್ ನಂಬರೂ, ಸೆಕೆಂಡಿನ ಮಟ್ಟದ ನಿಖರ ಸಮಯವೂ ಬೇಕು. ಸರ್ವರ್ ನಡೆಸುವವರು ಇವನ್ನು ದಾಖಲಿಸಬೇಕೆಂದು 2011ರ ಆರ್‌ಎಫ್‌ಸಿ 6302 ಹೇಳಿದೆ. ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಲಾಗ್‌ಗಳನ್ನು 180 ದಿನ ಇಡಬೇಕು, ಗಡಿಯಾರಗಳನ್ನು ನಿಗದಿತ ಸಮಯಮೂಲಗಳಿಗೆ ಹೊಂದಿಸಬೇಕು ಎಂದು ಆದೇಶಿಸಿತು. ಪೋರ್ಟ್ ಇಲ್ಲದ ಲಾಗ್ 180 ದಿನ ಇದ್ದೂ ಈ ಕೆಲಸಕ್ಕೆ ಬಾರದು. ವೆಬ್‌ಸೈಟ್ ನಡೆಸುವ ಪ್ರತಿ ಕಂಪನಿಯೂ ಪೋರ್ಟ್ ದಾಖಲಿಸುವುದನ್ನು ಕಡ್ಡಾಯ ಎಂದೇ ಭಾವಿಸಬೇಕು.

ನಿಜವಾದ ಪರಿಹಾರ ಐಪಿವಿ6. ಅದರ ಮೊದಲ ನಿಯಮಾವಳಿ 1995ರ ಡಿಸೆಂಬರಿನದು. 2017ರ ಜುಲೈಯಲ್ಲಿ ಪೂರ್ಣ ಮಾನದಂಡವಾಯಿತು. 128 ಬಿಟ್, ಒಟ್ಟು ವಿಳಾಸಗಳ ಸಂಖ್ಯೆಯನ್ನು ಬರೆಯಲು 39 ಅಂಕಿ ಬೇಕು. ಚುಕ್ಕಿಯಿಟ್ಟು ಬರೆಯುವ ಮಾಸ್ಕ್ ಅಲ್ಲಿಲ್ಲ. ಗೆರೆಯ ಜಾಗ ಹೇಳುವ ಸಂಖ್ಯೆ ಮಾತ್ರ ಉಳಿದಿದೆ. ಮಾಮೂಲಿ ಪ್ರತಿ ಜಾಲಕ್ಕೂ /64. ಅಂದರೆ ಪಿಜಿಯಲ್ಲಿ ವಿಳಾಸ ಮುಗಿಯುವ ಮಾತೇ ಇಲ್ಲ. ಇಂಟರ್‌ನೆಟ್ ಕಂಪನಿ ಒಂದು ಕಟ್ಟಡಕ್ಕೆ /56 ಕೊಟ್ಟರೆ 256 ಸಬ್‌ನೆಟ್ ಮಾಡಬಹುದು, ಮಹಡಿಗೊಂದು, ಕ್ಯಾಮೆರಾಗಳಿಗೊಂದು. ಒಂದೇ /64 ಕೊಟ್ಟು ಕೈ ತೊಳೆದುಕೊಂಡರೆ ಈ ಹಂಚಿಕೆ ಆಗುವುದಿಲ್ಲ, ಕೇಳಿ ಪಡೆಯಬೇಕು. ದೂರಸಂಪರ್ಕ ಇಲಾಖೆ 2010ರ ಜುಲೈಯಲ್ಲೇ ಐಪಿವಿ6 ಮಾರ್ಗನಕ್ಷೆ ತಂದಿತ್ತು. 2016ರ ಸೆಪ್ಟೆಂಬರಿನಲ್ಲಿ ಬಂದ ಜಿಯೊ ಮೊಬೈಲುಗಳಿಗೆ ಐಪಿವಿ6 ಕೊಟ್ಟಿದ್ದರಿಂದ ಭಾರತ ಇದರ ಬಳಕೆಯಲ್ಲಿ ಜಗತ್ತಿನ ಮುಂಚೂಣಿಗೆ ಏರಿತು. 144.16ರ ಒಂದು ಗುಂಪನ್ನು ಹಂಚಿಕೊಂಡ ದೇಶಕ್ಕೆ ಇದು ಹೆಮ್ಮೆಯ ಸಂಗತಿ.

ಹೀಗಿದ್ದೂ ಅಮೀರ್‌ಪೇಟೆಯ ಮೈತ್ರಿವನಂ ಸುತ್ತಲಿನ ತರಬೇತಿ ಕೇಂದ್ರಗಳಲ್ಲಿ, ನಮ್ಮ ಕಾಲೇಜುಗಳಲ್ಲಿ ಪಾಠ ಬಹುಪಾಲು ಹಳೆಯ ಜಾಡಿನಲ್ಲೇ ಇದೆ. ವರ್ಗಗಳು, 128, 192, 224, 240 ಎಂಬ ಸಾಲು, /27ಕ್ಕೆ 30 ಎಂಬ ಉತ್ತರ. ಸಬ್‌ನೆಟ್‌ಗಳ ಸಂಖ್ಯೆಯಿಂದಲೂ ಎರಡು ಕಳೆಯಬೇಕು ಎಂಬ ನಿಯಮವನ್ನು ಆರ್‌ಎಫ್‌ಸಿ 1878 ಹಳತಾಯಿತೆಂದು 1995ರಲ್ಲೇ ಹೇಳಿದೆ. ಹಳೆಯ ಪುಸ್ತಕಗಳಿಂದ ಅದಿನ್ನೂ ಹೋಗಿಲ್ಲ. ಈ ಮಕ್ಕಳ ಶ್ರಮ ದೊಡ್ಡದು. ಊರು ಬಿಟ್ಟು, ಸಾಲ ಮಾಡಿ ಬಂದವರಿಗೆ ಮೂವತ್ತು ವರ್ಷ ಹಿಂದಿನ ಪಾಠ ಕೊಡುವುದು ಅನ್ಯಾಯ.

ಕಲಬುರಗಿ, ರಾಯಚೂರು, ಬೀದರ್, ಬಳ್ಳಾರಿಯ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಕಾಲೇಜುಗಳ ಅಧ್ಯಾಪಕರಲ್ಲಿ ನನ್ನದೊಂದು ಕೋರಿಕೆ. ವರ್ಗಗಳ ಕೋಷ್ಟಕವನ್ನು ಇತಿಹಾಸದ ಒಂದು ಪುಟಕ್ಕೆ ಇಳಿಸಿ. ಮೊದಲ ಪ್ರಯೋಗದಲ್ಲೇ ಒಂದು ಸ್ವಿಚ್ಚಿಗೆ ಎರಡು ಕಂಪ್ಯೂಟರ್ ಹಾಕಿ, ಎರಡಕ್ಕೂ ಬೇರೆ ಬೇರೆ ಮಾಸ್ಕ್ ಕೊಟ್ಟು, ಪಿಂಗ್ ಯಾಕೆ ಹೋಗಿ ಉತ್ತರ ಯಾಕೆ ಬರಲಿಲ್ಲ ಎಂದು ವಿದ್ಯಾರ್ಥಿಗಳೇ ಕಾಗದದ ಮೇಲೆ ಲೆಕ್ಕ ಹಾಕಿ ಹೇಳುವಂತೆ ಮಾಡಿ. ಅದೇ ವಾರ ಐಪಿವಿ6ರ /64 ಕಲಿಸಿ, ಕೊನೆಯ ಅಧ್ಯಾಯಕ್ಕೆ ತಳ್ಳಬೇಡಿ. ಅವರ ಕೈಯಲ್ಲಿರುವ ಮೊಬೈಲುಗಳಲ್ಲಿ ಬಹಳಷ್ಟು ಈಗಾಗಲೇ ಅದನ್ನು ಬಳಸುತ್ತಿವೆ.